ಅಂಟಿತು ಸರಿ, ಯಾವುದಕ್ಕೆ ಅಂಟಿತು?

ಕೋಲಾರದ ಒಂದು ಕಾಲೇಜಿನಲ್ಲಿ ಒಂದು ಸಂಜೆ ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸ ಇದು. ಆಡಿದ ಮಾತನ್ನು ಹೆಚ್ಚು ತಿದ್ದಿಲ್ಲ. ಸಮಯ ಸಾಲದೆ ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಹಾಗೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೆಡಿಕಲ್ ಶಾಪಿನಲ್ಲಿ ಸಿಗುವ ಗರ್ಭಪರೀಕ್ಷೆಯ ಕಾರ್ಡನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಕೊರೊನಾ ಕಾಲದಲ್ಲಿ ಅದೇ ತರಹದ ಕಾರ್ಡು ಎಷ್ಟೋ ಮನೆಗಳಿಗೆ ಬಂತು. ಬಿಳಿ ಪಟ್ಟಿಯ ಮೇಲೆ ಎರಡು ಗೆರೆ ಬರುವ ಜಾಗ. ಒಂದರ ಪಕ್ಕ ‘ಸಿ’ ಅಂತ ಬರೆದಿರುತ್ತದೆ, ಇನ್ನೊಂದರ ಪಕ್ಕ ‘ಟಿ’. ಹನಿ ಹಾಕಿ ಕಾಯುವಾಗ ಎಲ್ಲರ ಕಣ್ಣೂ ಟಿ ಮೇಲೇ ಇರುತ್ತದೆ. ಸಿ ಗೆರೆ ಯಾವಾಗಲೂ ಬರುತ್ತದೆ ಅಲ್ವಾ, ಅದರಲ್ಲಿ ನೋಡುವುದೇನು ಅನಿಸುತ್ತದೆ.

ನಾನು ಇವತ್ತು ಮಾತಾಡಲು ಬಂದಿರುವುದು ಆ ಸಿ ಗೆರೆಯ ಬಗ್ಗೆ.

ಮೊದಲು ಆ ಗೆರೆಯ ಬಣ್ಣ ನೋಡಿ. ಕೆಂಪು, ಸ್ವಲ್ಪ ನೇರಳೆ ಕಡೆಗೆ. ಬಹಳಷ್ಟು ಕಾರ್ಡುಗಳಲ್ಲಿ ಆ ಕೆಂಪು ಚಿನ್ನದ್ದು. ನಿಜವಾದ ಚಿನ್ನ. ಸುಮಾರು 40 ನ್ಯಾನೊಮೀಟರ್ ಅಗಲದ ಕಣ, ಅಂದರೆ ಒಂದು ಮಿಲಿಮೀಟರನ್ನು 25,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಸಣ್ಣದಾದಾಗ ಚಿನ್ನ ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ರೇಷ್ಮೆ, ಹಾಲು, ಚಿನ್ನದ ಜಿಲ್ಲೆ ಅಂತ ಹೇಳಿಕೊಳ್ಳುವ ನಮ್ಮೂರಲ್ಲಿ ಇದನ್ನು ಹೇಳುವುದು ನನಗೆ ಖುಷಿ. ಹಾಲಿನ ವಿಷಯವೂ ಮುಂದೆ ಬರುತ್ತದೆ.

ಆ ಚಿನ್ನದ ಕಣಗಳ ಮೈಗೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಆ್ಯಂಟಿಬಾಡಿ ಅಂತ ನೀವು ಕೇಳಿದ್ದೀರಲ್ಲ, ಅದೇ. ನಮ್ಮ ರಕ್ತದಲ್ಲಿ ಇರುವ ಪ್ರೋಟೀನು. ಇಂಗ್ಲಿಷಿನ ವೈ ಅಕ್ಷರದಂಥ ಆಕಾರ, ಎರಡು ತೋಳು, ಒಂದು ಕಾಲು. ತೋಳಿನ ತುದಿಗೆ ಸರಿಯಾಗಿ ಕೂರುವ ಆಕಾರ ಸಿಕ್ಕರೆ ಹಿಡಿದುಕೊಳ್ಳುತ್ತದೆ. ಗರ್ಭ ನಿಂತಾಗ ಬರುವ ಎಚ್‌ಸಿಜಿ ಎಂಬ ಹಾರ್ಮೋನನ್ನು ಕಾರ್ಡಿನ ಪ್ರತಿಕಾಯ ಹಿಡಿಯುತ್ತದೆ. ಹಿಡಿದುಕೊಂಡು ಪಟ್ಟಿಯ ಮೇಲೆ ಹರಿದು ಹೋಗಿ ಟಿ ಗೆರೆಯಲ್ಲಿ ಸಿಕ್ಕಿಬೀಳುತ್ತದೆ. ಏನನ್ನೂ ಹಿಡಿಯದ ಪ್ರತಿಕಾಯಗಳು ಟಿ ದಾಟಿ ಸಿ ಹತ್ತಿರ ಬರುತ್ತವೆ. ಅಲ್ಲಿ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯ ಕೂತಿರುತ್ತದೆ. ಸಿ ಗೆರೆ ಬಂತು ಅಂದರೆ ಹನಿ ಅಲ್ಲಿಯವರೆಗೆ ಹರಿದಿದೆ, ಚಿನ್ನ ಕದಲಿದೆ, ಪ್ರತಿಕಾಯ ಕೆಟ್ಟಿಲ್ಲ ಎಂದು ಅರ್ಥ. ಸಿ ಬರದೆ ಟಿ ಮಾತ್ರ ಬಂದರೆ ಆ ಕಾರ್ಡನ್ನು ಎಸೆಯಬೇಕು. ಅದರ ಮಾತು ನಂಬುವಂತಿಲ್ಲ.

ಇನ್ನೊಂದು ತೊಂದರೆ ಇದೆ. ಎಚ್‌ಸಿಜಿಗೆ ಒಡಹುಟ್ಟಿದವರಿದ್ದಾರೆ. ಅದು ಎರಡು ಎಳೆ ಸೇರಿ ಆದ ಪ್ರೋಟೀನು. ಅದರ ಆಲ್ಫಾ ಎಳೆ ಇನ್ನೂ ಮೂರು ಹಾರ್ಮೋನುಗಳಲ್ಲಿ ಹಾಗೇ ಇದೆ, ಥೈರಾಯಿಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್‌ನಲ್ಲೂ ಅದೇ ಎಳೆ. ತಿಂಗಳ ಮಧ್ಯೆ ಅಂಡ ಬಿಡುಗಡೆ ಆಗುವಾಗ ಏರುವ ಎಲ್‌ಎಚ್ ಅಂತೂ ಎಚ್‌ಸಿಜಿಗೆ ಬಹಳ ಹತ್ತಿರದ್ದು. ಹಳೆಯ ಪರೀಕ್ಷೆಗಳು ಇವೆರಡರ ನಡುವೆ ಗೊಂದಲ ಮಾಡಿಕೊಳ್ಳುತ್ತಿದ್ದವು. 1972ರಲ್ಲಿ ಅಮೆರಿಕದ ಜುಡಿತ್ ವೈಟುಕೈಟಿಸ್ ಮತ್ತು ಅವರ ಜೊತೆಗಾರರು ಬೀಟಾ ಎಳೆಯನ್ನು ಮಾತ್ರ ಗುರುತಿಸುವ ಪ್ರತಿಕಾಯದಿಂದ ಪರೀಕ್ಷೆ ಮಾಡಿ ತೋರಿಸಿದರು. ಇವತ್ತು ಮೆಡಿಕಲ್ ಶಾಪಿನಲ್ಲಿ ಸಿಗುವ ಕಾರ್ಡಿಗೆ ದಾರಿ ಆದದ್ದು ಆ ಕೆಲಸ.

ಅಂದರೆ ಪ್ರತಿಕಾಯ ಅಂಟಿತು ಅನ್ನುವುದು ಅರ್ಧ ಸುದ್ದಿ ಮಾತ್ರ. ಯಾವುದಕ್ಕೆ ಅಂಟಿತು? ಪ್ರತಿಕಾಯಕ್ಕೆ ಪ್ರೋಟೀನಿನ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪ್ರೋಟೀನಿನ ಮೈಮೇಲಿನ ಒಂದು ಪುಟ್ಟ ಆಕಾರ. ಅದೇ ಆಕಾರ ಬೇರೆ ಕಡೆ ಸಿಕ್ಕರೆ ಅಲ್ಲಿಗೂ ಅಂಟುತ್ತದೆ.

ಈಗ ನನ್ನ ದಿನನಿತ್ಯದ ಕೆಲಸಕ್ಕೆ ಬರುತ್ತೇನೆ. ನಾನು ಬಯಾಪ್ಸಿ ತುಂಡುಗಳಿಗೆ ಪ್ರತಿಕಾಯ ಹಾಕಿ ಬಣ್ಣ ಬರಿಸುವ ಲ್ಯಾಬಿನಲ್ಲಿದ್ದೇನೆ. ವೈದ್ಯರ ಚೀಟಿಯಲ್ಲಿ ಐಎಚ್‌ಸಿ ಅಂತ ಬರೆದಿರುತ್ತದಲ್ಲ, ಅದು ನಮ್ಮ ಕೆಲಸ. ಅಲ್ಲಿ ಬಳಸುವ ಪ್ರತಿಕಾಯಗಳಲ್ಲಿ ಒಂದನ್ನು ಆರಿಸಿಕೊಂಡು ಮಾತಾಡುತ್ತೇನೆ. ಅದರ ಹೆಸರು ಡಿಓ-7. ಅದು ಹುಡುಕುವುದು ಮನುಷ್ಯರ ಒಂದು ಪ್ರೋಟೀನನ್ನು, ಪಿ53.

ಪಿ53 ಪ್ರತಿ ಜೀವಕೋಶದಲ್ಲೂ ಇರುವ ಕಾವಲುಗಾರ. ಡಿಎನ್‌ಎಗೆ ಪೆಟ್ಟು ಬಿದ್ದರೆ ಇದು ಎಚ್ಚರಗೊಂಡು ಕೋಶ ಇಬ್ಭಾಗ ಆಗುವುದನ್ನು ತಡೆಯುತ್ತದೆ. ಸರಿಪಡಿಸಲು ಸಮಯ ಕೊಡುತ್ತದೆ. ಸರಿಯಾಗುವಂತಿಲ್ಲ ಅಂದರೆ ಆ ಕೋಶವನ್ನು ಸಾಯಿಸುತ್ತದೆ. ಈ ಕಾವಲು ತಪ್ಪಿದಾಗ ಕ್ಯಾನ್ಸರಿಗೆ ದಾರಿ ಸುಲಭ. ಹೊಗೆಸೊಪ್ಪು, ಗುಟ್ಕಾ ಜಗಿಯುವವರಿಗೆ ಬರುವ ಬಾಯಿ ಕ್ಯಾನ್ಸರುಗಳಲ್ಲಿ ಬಹುಪಾಲಿನಲ್ಲಿ ಪಿ53 ಕೆಟ್ಟಿರುತ್ತದೆ. ನಮ್ಮ ಕಡೆ ಎಲೆಅಡಿಕೆ ಜೊತೆ ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಂಡೇ ಮಲಗುವ ಅಜ್ಜಿಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮೈಕ್ರೋಸ್ಕೋಪಿನ ಕೆಳಗೆ ಕೆನ್ನೆಯ ತುಂಡು ಬಂದಾಗಲೆಲ್ಲ ಅವರ ನೆನಪಾಗುತ್ತದೆ.

ಈ ಪ್ರೋಟೀನು ಸಿಕ್ಕಿದ ಕತೆ ನನಗೆ ಬಹಳ ಇಷ್ಟ. 1979ನೇ ಇಸವಿ. ಎಸ್‌ವಿ40 ಅಂತ ಮಂಗಗಳ ಒಂದು ವೈರಸ್ ಇದೆ. ಪ್ರಾಣಿಗಳಲ್ಲಿ ಅದು ಗಡ್ಡೆ ತರಿಸುತ್ತದೆ. ಲಂಡನ್ನಿನಲ್ಲಿ ಡೇವಿಡ್ ಲೇನ್ ಮತ್ತು ಲಯೊನೆಲ್ ಕ್ರಾಫರ್ಡ್ ಆ ವೈರಸ್ ಹೊಕ್ಕ ಕೋಶಗಳಿಂದ ವೈರಸ್ಸಿನ ಪ್ರೋಟೀನನ್ನು ಪ್ರತಿಕಾಯ ಹಾಕಿ ಹಿಡಿದೆಳೆಯುತ್ತಿದ್ದರು. ಎಳೆದಾಗ ಬೇಕಾದ ಪ್ರೋಟೀನು ಬಂತು. ಅದರ ಜೊತೆಗೆ ಕರೆಯದೇ ಇದ್ದ ಇನ್ನೊಂದೂ ಬಂತು. ಅಮೆರಿಕದಲ್ಲಿ ಆರ್ನಾಲ್ಡ್ ಲೆವೈನ್ ಅವರ ಲ್ಯಾಬಿನಲ್ಲೂ, ಬೇರೆ ಕೆಲವು ಕಡೆಯೂ ಅದೇ ವರ್ಷ ಅದು ಕಾಣಿಸಿತು.

ಆಗ ಅವರ ಮುಂದಿದ್ದ ಪ್ರಶ್ನೆ ನಾನು ಇವತ್ತು ಕೇಳುತ್ತಿರುವುದೇ. ನಮ್ಮ ಪ್ರತಿಕಾಯ ತಪ್ಪಾಗಿ ಇದಕ್ಕೂ ಅಂಟಿತೇ? ಅಥವಾ ಈ ಪ್ರೋಟೀನು ವೈರಸ್ಸಿನ ಪ್ರೋಟೀನನ್ನು ನಿಜವಾಗಿ ಹಿಡಿದುಕೊಂಡಿತ್ತೇ? ‘ಕೊಳೆ’ ಅಂದುಕೊಂಡು ಬದಿಗೆ ಸರಿಸಬಹುದಿತ್ತು. ಅವರು ಸರಿಸಲಿಲ್ಲ. ಎರಡೂ ನಿಜವಾಗಿ ಜೊತೆಗಿವೆ ಅಂತ ಪರೀಕ್ಷೆ ಮಾಡಿ ತೋರಿಸಿದರು. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಜೆಲ್ ಮೇಲೆ ಓಡಿಸಿದಾಗ ಸುಮಾರು 53 ಸಾವಿರ ಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಜಾಗದಲ್ಲಿ ನಿಂತಿತು, ಅದಕ್ಕೇ ಪಿ53. ಅದರ ನಿಜವಾದ ತೂಕ 44 ಸಾವಿರಕ್ಕೂ ಸ್ವಲ್ಪ ಕಡಿಮೆ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿ ಪ್ರೊಲಿನ್ ಎಂಬ ಅಮೈನೊ ಆಮ್ಲ ಜಾಸ್ತಿ ಇರುವುದರಿಂದ ಜೆಲ್‌ನಲ್ಲಿ ನಿಧಾನವಾಗಿ ಓಡುತ್ತದೆ. ಹೆಸರು ಮಾತ್ರ ಹಾಗೇ ಉಳಿಯಿತು.

ಮುಂದಿನ ಹತ್ತು ವರ್ಷ ಇದು ಕ್ಯಾನ್ಸರ್ ತರುವ ಪ್ರೋಟೀನು ಅಂತಲೇ ಬಹಳ ಜನ ನಂಬಿದ್ದರು. ಲ್ಯಾಬುಗಳಲ್ಲಿ ಓಡಾಡುತ್ತಿದ್ದ ಪಿ53 ಜೀನಿನ ಪ್ರತಿಗಳು ಆಗಲೇ ಕೆಟ್ಟಿದ್ದವು, ಅದು ಯಾರಿಗೂ ಗೊತ್ತಿರಲಿಲ್ಲ. 1989ರ ಹೊತ್ತಿಗೆ ಮಾತು ತಿರುಗಿತು. ಕೆಡದ ಪಿ53 ಕ್ಯಾನ್ಸರನ್ನು ತಡೆಯುತ್ತದೆ ಅಂತ ಖಚಿತವಾಯಿತು.

ಇನ್ನು ಡಿಓ-7 ಬಗ್ಗೆ. ಮನುಷ್ಯರ ಪಿ53ಯನ್ನು ಬ್ಯಾಕ್ಟೀರಿಯಾದಲ್ಲಿ ತಯಾರು ಮಾಡಿ ಇಲಿಗೆ ಚುಚ್ಚಿದರು. ಇಲಿಯ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿತು. ಪ್ರತಿಕಾಯ ಮಾಡುವ ಕೋಶ ಹೊರಗೆ ತೆಗೆದರೆ ಕೆಲವು ದಿನಗಳಲ್ಲಿ ಸಾಯುತ್ತದೆ. ಅದನ್ನು ಸಾಯದ ಕ್ಯಾನ್ಸರ್ ಕೋಶದ ಜೊತೆ ಬೆಸೆದರೆ ಪ್ರತಿಕಾಯವನ್ನೂ ಮಾಡುತ್ತದೆ, ಸಾಯುವುದೂ ಇಲ್ಲ. ಈ ಬೆಸುಗೆಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಮಾಡಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಹೀಗೆ ಒಂದೇ ಕೋಶದ ಸಂತಾನದಿಂದ ಬರುವ ಪ್ರತಿಕಾಯಗಳೆಲ್ಲ ಒಂದೇ ಅಚ್ಚಿನವು. ಒಂದೇ ಆಕಾರಕ್ಕೆ ಅಂಟುತ್ತವೆ.

ಪಿ53 ಅಂದರೆ 393 ಅಮೈನೊ ಆಮ್ಲಗಳ ಸರ. ಡಿಓ-7 ಅಂಟುವುದು ಆ ಸರದ ಶುರುವಿನಲ್ಲೇ, 20ನೇ ಮಣಿಯ ಆಸುಪಾಸು. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪಿ53 ಕೆಡುವುದು ಬಹುತೇಕ ಸರದ ನಡುವೆ. ಡಿಓ-7 ಆ ಕಡೆ ನೋಡುವುದೇ ಇಲ್ಲ. ಒಳ್ಳೆಯ ಪಿ53ಗೂ ಅಂಟುತ್ತದೆ, ಕೆಟ್ಟದ್ದಕ್ಕೂ ಅಂಟುತ್ತದೆ. ಹಾಗಿದ್ದರೆ ಕೆಟ್ಟಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೊದಲು ಬಣ್ಣ ಬರಿಸುವ ಕೆಲಸ. ಆಪರೇಷನ್ನಿನಲ್ಲಿ ತೆಗೆದ ತುಂಡು ಫಾರ್ಮಲಿನ್‌ನಲ್ಲಿ, ಅಂದರೆ ಕೊಳೆಯದಂತೆ ಕಾಪಾಡುವ ದ್ರವದಲ್ಲಿ, ನೆನೆದು, ಆಮೇಲೆ ಮೇಣದೊಳಗೆ ಕೂತು ಗಟ್ಟಿಯಾಗುತ್ತದೆ. ಅದಕ್ಕೆ ಬ್ಲಾಕ್ ಅನ್ನುತ್ತೇವೆ. ಅದರಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರ ಕತ್ತರಿಸುತ್ತೇವೆ. ಒಂದು ಮಿಲಿಮೀಟರಿಗೆ ಅಂಥ 250 ಪದರ. ನೀರಿನ ಮೇಲೆ ತೇಲಿಸಿ, ಗಾಜಿನ ಮೇಲೆ ಹತ್ತಿಸಿ, ಮೇಣ ಕರಗಿಸಿ ತೆಗೆಯುತ್ತೇವೆ.

ಈಗ ಪ್ರತಿಕಾಯ ಹಾಕಿದರೆ ಬಣ್ಣವೇ ಬರುವುದಿಲ್ಲ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಟ್ಟಿರುತ್ತದೆ. ಪ್ರತಿಕಾಯಕ್ಕೆ ಬೇಕಾದ ಆಕಾರ ಒಳಗೆ ಮುಚ್ಚಿಹೋಗಿರುತ್ತದೆ. ಇದಕ್ಕೆ 1991ರಲ್ಲಿ ಸಿಕ್ಕ ಉಪಾಯ ಏನು ಗೊತ್ತಾ? ಕುದಿಸುವುದು. ಸ್ಲೈಡನ್ನು ಲವಣದ ನೀರಿನಲ್ಲಿಟ್ಟು ಮೈಕ್ರೋವೇವ್ ಓವನ್ನಿನಲ್ಲಿ ಬಿಸಿ ಮಾಡಿದರು, ಹೆಣಿಗೆ ಸಡಿಲವಾಯಿತು. ಆಮೇಲೆ ಎಷ್ಟೋ ಲ್ಯಾಬುಗಳು ಮನೆಯ ಪ್ರೆಷರ್ ಕುಕ್ಕರನ್ನೇ ಇಟ್ಟುಕೊಂಡವು. ನಾನು ಕೆಲಸ ಕಲಿತದ್ದು ಕುಕ್ಕರಿನಲ್ಲಿ. ನೀರು ಸ್ವಲ್ಪ ಹುಳಿ ಇರಬೇಕೋ, ಕ್ಷಾರ ಇರಬೇಕೋ, ಎಷ್ಟು ನಿಮಿಷ ಅನ್ನುವುದು ಪ್ರತಿಯೊಂದು ಪ್ರತಿಕಾಯಕ್ಕೂ ಬೇರೆ. ಬೇಳೆ ಬೇಯಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೊಗರಿಯ ಲೆಕ್ಕ ಕಡಲೆಗೆ ಆಗುವುದಿಲ್ಲ.

ಆಮೇಲೆ ಡಿಓ-7 ಹಾಕುತ್ತೇವೆ. ಅದರ ಮೇಲೆ ಇಲಿಯ ಪ್ರತಿಕಾಯವನ್ನು ಹಿಡಿಯುವ ಎರಡನೇ ಪ್ರತಿಕಾಯ. ಇದನ್ನು ಹೆಚ್ಚಾಗಿ ಮೇಕೆಯಲ್ಲಿ ಮಾಡುತ್ತಾರೆ. ಅದರ ಬೆನ್ನಿಗೆ ಒಂದು ಕಿಣ್ವ ಕಟ್ಟಿರುತ್ತದೆ. ಆ ಕಿಣ್ವ ಒಂದು ರಾಸಾಯನಿಕವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಪಿ53 ಎಲ್ಲಿದೆಯೋ ಅಲ್ಲಿ ಕಂದು. ಉಳಿದ ಕಡೆ ತಿಳಿ ನೀಲಿ.

ಹಾಲಿನ ವಿಷಯ ಅಂದೆನಲ್ಲ. ಸ್ಲೈಡಿನ ಬದಲು ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರೆ ಮಾಡಿ, ಒಂದು ತೆಳು ಹಾಳೆಗೆ ಇಳಿಸಿ ನೋಡುವ ಪರೀಕ್ಷೆಯೂ ಇದೆ. ವೆಸ್ಟರ್ನ್ ಬ್ಲಾಟ್ ಅನ್ನುತ್ತಾರೆ. ಆ ಹಾಳೆ ಯಾವ ಪ್ರೋಟೀನು ಸಿಕ್ಕರೂ ಹೀರಿಕೊಳ್ಳುತ್ತದೆ. ನೇರವಾಗಿ ಪ್ರತಿಕಾಯ ಸುರಿದರೆ ಹಾಳೆಯೇ ಪೂರ್ತಿ ಕಪ್ಪಾಗುತ್ತದೆ. ಅದಕ್ಕೆ ಮೊದಲು ಕೆನೆ ತೆಗೆದ ಹಾಲಿನ ಪುಡಿಯನ್ನು 100 ಮಿಲಿಗೆ 5 ಗ್ರಾಂ ಕಲಸಿ ಅದರಲ್ಲಿ ನೆನೆಸುತ್ತೇವೆ. ಖಾಲಿ ಜಾಗವನ್ನೆಲ್ಲ ಹಾಲಿನ ಪ್ರೋಟೀನು ತುಂಬಿಕೊಳ್ಳುತ್ತದೆ. ಆಮೇಲೆ ಪ್ರತಿಕಾಯಕ್ಕೆ ಸುಮ್ನೆ ಎಲ್ಲೆಂದರಲ್ಲಿ ಕೂರಲು ಜಾಗ ಸಿಗುವುದಿಲ್ಲ. ಬೆಳಗ್ಗೆ ಡೇರಿಗೆ ಕ್ಯಾನ್ ಹಿಡಿದು ಹೋಗುವವರ ಊರಿನಲ್ಲಿ ಬೆಳೆದವಳು ನಾನು. ಮೊದಲ ಸಲ ಲ್ಯಾಬಿನ ಕಪಾಟಿನಲ್ಲಿ ಹಾಲಿನ ಪುಡಿ ಡಬ್ಬ ನೋಡಿದಾಗ ಕಾಫಿಗೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಬೇಡದ್ದನ್ನು ಅಡಗಿಸಿ ಬೇಕಾದ್ದನ್ನು ಕೇಳಿಸಿಕೊಳ್ಳುವ ಈ ಕೆಲಸಕ್ಕೆ ಇಲ್ಲೇ ಪಕ್ಕದಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಕೆಜಿಎಫ್. ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಈಗಲೂ ಇವೆ. ಆ ಗಣಿಯ ಆಳದಲ್ಲಿ ನ್ಯೂಟ್ರಿನೊ ಅನ್ನುವ ಕಣಗಳನ್ನು ಹಿಡಿದ ಕತೆ ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಗೊತ್ತಾಗಬೇಕು ಅಂತ ನನ್ನ ಆಸೆ. ನ್ಯೂಟ್ರಿನೊ ಭೂಮಿಯನ್ನೇ ತೂರಿ ಹೋಗುತ್ತದೆ, ಎಲ್ಲೋ ಒಂದು ಮಾತ್ರ ಬಂಡೆಗೆ ತಾಕುತ್ತದೆ. ಭೂಮಿಯ ಮೇಲೆ ಉಪಕರಣ ಇಟ್ಟರೆ ಆಕಾಶದಿಂದ ಸುರಿಯುವ ಬೇರೆ ಕಣಗಳ ಗದ್ದಲವೇ ತುಂಬಿಕೊಳ್ಳುತ್ತದೆ. ಗಣಿಯಲ್ಲಿ ಇಳಿದಷ್ಟೂ ಬಂಡೆ ಆ ಗದ್ದಲವನ್ನು ತಡೆಯುತ್ತದೆ. ವಿಜ್ಞಾನಿಗಳು ಬೇರೆ ಬೇರೆ ಆಳದಲ್ಲಿ ಎಣಿಸುತ್ತಾ ಹೋದರು. ಬಹಳ ಆಳದ ಒಂದು ಮಟ್ಟದಲ್ಲಿ ವಾರಗಟ್ಟಲೆ ಕಾದರೂ ಆ ಗದ್ದಲದ ಕಣ ಒಂದೂ ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ‘ಏನೂ ಇಲ್ಲ’. ಆಮೇಲೆ 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಮೊದಲು ಶೂನ್ಯ ನೋಡಿದ್ದರಿಂದ, ಆಮೇಲೆ ಬಂದ ಒಂದೊಂದು ಗುರುತನ್ನೂ ನಂಬಲು ಸಾಧ್ಯವಾಯಿತು.

ಪ್ರತಿಕಾಯದ ಕೆಲಸದಲ್ಲಿ ಆ ಶೂನ್ಯ ಎಲ್ಲಿ ಸಿಗುತ್ತದೆ? ಪಿ53 ಇಲ್ಲವೇ ಇಲ್ಲದ ಕೋಶದಲ್ಲಿ. ಲ್ಯಾಬಿನಲ್ಲಿ ಬೆಳೆಸುವ ಅಂಥ ಕೋಶಗಳು ಇವೆ. ಮೂಳೆಯ ಗಡ್ಡೆಯಿಂದ ಬಂದ ಸಾವೋಸ್-2, ಶ್ವಾಸಕೋಶದ ಗಡ್ಡೆಯಿಂದ ಬಂದ ಎಚ್1299. ಇವುಗಳಲ್ಲಿ ಪಿ53 ಜೀನು ಅಳಿಸಿಹೋಗಿದೆ. ಎಚ್‌ಸಿಟಿ116 ಎಂಬ ಕರುಳಿನ ಕೋಶದಿಂದ ಬೇಕಂತಲೇ ಪಿ53 ತೆಗೆದ ತಳಿಯನ್ನು 1998ರಲ್ಲಿ ಮಾಡಿದರು. ಇವುಗಳ ಮೇಲೆ ಡಿಓ-7 ಹಾಕಿದರೆ ಖಾಲಿ ಬರಬೇಕು. ಖಾಲಿ ಬರದಿದ್ದರೆ ಅದು ಬೇರೆ ಏನಕ್ಕೋ ಅಂಟುತ್ತಿದೆ. ಇಷ್ಟು ಸರಳ.

ಸರಳವಾದ ಇದನ್ನು ಮಾಡದೆ ನಾನು ಎಂಟು ತಿಂಗಳು ಕಳೆದೆ. ಸಂಶೋಧನೆಯ ವಿದ್ಯಾರ್ಥಿಯಾಗಿದ್ದ ಕಾಲ. ಬೇರೆ ಒಂದು ಪ್ರೋಟೀನು, ಅದಕ್ಕೆ ಕೊಂಡ ಒಂದು ಪ್ರತಿಕಾಯ. ಬ್ಲಾಟಿನಲ್ಲಿ ಸರಿಯಾದ ತೂಕದ ಜಾಗದಲ್ಲೇ ಚಂದದ ಬ್ಯಾಂಡ್, ಅಂದರೆ ಕಪ್ಪು ಪಟ್ಟಿ, ಬಂತು. ಔಷಧ ಹಾಕಿದರೆ ಬ್ಯಾಂಡ್ ದಪ್ಪ, ಇಲ್ಲದಿದ್ದರೆ ತೆಳು. ಚಿತ್ರಗಳನ್ನು ಜೋಡಿಸಿದೆ. ಅಷ್ಟರಲ್ಲಿ ಆ ಜೀನನ್ನು ತೆಗೆದ ಕೋಶಗಳು ಬೇರೆ ಲ್ಯಾಬಿನಿಂದ ಬಂದವು. ಒಂದು ಮಧ್ಯಾಹ್ನ ಪಕ್ಕಪಕ್ಕ ಓಡಿಸಿದೆ. ಆ ಪ್ರೋಟೀನೇ ಇಲ್ಲದ ಕೋಶದಲ್ಲೂ ಅದೇ ಬ್ಯಾಂಡ್, ಅಷ್ಟೇ ದಪ್ಪ. ಕತ್ತಲೆ ಕೋಣೆಯಲ್ಲಿ ಫಿಲ್ಮ್ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಎಂಟು ತಿಂಗಳು ನಾನು ಅಳೆದದ್ದು ಆ ಪ್ರೋಟೀನನ್ನಲ್ಲ. ಮಾರಿದ ಕಂಪನಿಗೆ ಬರೆದೆವು. ಬದಲಿ ಬಾಟಲಿ ಬಂತು, ಅದೂ ಹಾಗೇ. ನನ್ನ ಗೈಡ್ ಬೈಯಲಿಲ್ಲ. ‘ಇದನ್ನು ಮೊದಲ ದಿನ ಮಾಡಬೇಕಿತ್ತು’ ಅಂದರು, ಅಷ್ಟೇ.

ನನ್ನೊಬ್ಬಳ ಕತೆ ಆಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒಟ್ಟಾಗಿ, ಪ್ರತಿಕಾಯಗಳನ್ನು ಅವುಗಳ ಜೀನಿನ ಅಕ್ಷರಕ್ರಮ ಗೊತ್ತುಮಾಡಿಕೊಂಡು ತಯಾರಿಸಬೇಕು, ಆಗ ಪ್ರತಿ ಬಾಟಲಿಯೂ ಒಂದೇ ತರಹ ಇರುತ್ತದೆ ಅಂತ ಕೇಳಿಕೊಂಡರು. ಆಮೇಲೆ ಇನ್ನೊಂದು ತಂಡ 65 ಪ್ರೋಟೀನುಗಳಿಗಾಗಿ ಮಾರಾಟದಲ್ಲಿದ್ದ 614 ಪ್ರತಿಕಾಯಗಳನ್ನು ಹೀಗೇ ಜೀನು ತೆಗೆದ ಕೋಶಗಳ ಜೊತೆ ಹೋಲಿಸಿ ಪರೀಕ್ಷಿಸಿತು. ಸೋತವು ಬಹಳ ಇದ್ದವು. ಅಂಥವನ್ನು ಬಳಸಿದ ಪ್ರಬಂಧಗಳೂ ಬಹಳ. ಫಲಿತಾಂಶ ನೋಡಿ ಕಂಪನಿಗಳು ಕೆಲವನ್ನು ಮಾರುಕಟ್ಟೆಯಿಂದ ತೆಗೆದವು. ಅಕ್ಷರಕ್ರಮ ಗೊತ್ತಿರುವ ಪ್ರತಿಕಾಯಗಳು ಉಳಿದವಕ್ಕಿಂತ ಚೆನ್ನಾಗಿ ನಿಂತವು. ಡಿಓ-7 ಈ ವಿಷಯದಲ್ಲಿ ಪುಣ್ಯವಂತ ಪ್ರತಿಕಾಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಷ್ಟೋ ಲ್ಯಾಬುಗಳು ಅದನ್ನು ತಿಕ್ಕಿ ನೋಡಿವೆ.

ಈಗ ಬಿಟ್ಟಿದ್ದ ಪ್ರಶ್ನೆ. ಒಳ್ಳೆಯದು, ಕೆಟ್ಟದ್ದು ಎರಡಕ್ಕೂ ಅಂಟುವ ಡಿಓ-7 ನಮಗೆ ಏನು ಹೇಳುತ್ತದೆ?

ಆರೋಗ್ಯದ ಕೋಶದಲ್ಲಿ ಪಿ53 ಹೆಚ್ಚು ಹೊತ್ತು ಇರುವುದಿಲ್ಲ. ಹುಟ್ಟಿದ ಸುಮಾರು 20 ನಿಮಿಷದಲ್ಲಿ ಅರ್ಧದಷ್ಟು ನಾಶವಾಗುತ್ತದೆ. ಪಿ53ಯೇ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನನ್ನು ಕರೆಸುತ್ತದೆ, ಅದು ಬಂದು ಪಿ53ಯನ್ನು ಕಸಕ್ಕೆ ಕಳಿಸುತ್ತದೆ. ಹಾಗಾಗಿ ಆರೋಗ್ಯದ ತುಂಡಿನಲ್ಲಿ ಬಣ್ಣ ಅಲ್ಲೊಂದು ಇಲ್ಲೊಂದು. ಒಂದು ಕೋಶ ಗಾಢ, ಪಕ್ಕದ್ದು ತೆಳು, ಅದರ ಪಕ್ಕದ್ದು ಖಾಲಿ. ಮಳೆ ಶುರುವಾದಾಗ ಅಂಗಳದಲ್ಲಿ ಬೀಳುವ ಮೊದಲ ಹನಿಗಳ ಹಾಗೆ.

ಪಿ53 ತನ್ನ ಜೀನಿನ ಒಂದು ಅಕ್ಷರ ತಪ್ಪಾಗಿ ಕೆಟ್ಟಿದ್ದರೆ ಅದಕ್ಕೆ ಎಂಡಿಎಂ2ವನ್ನು ಕರೆಸಲು ಬರುವುದಿಲ್ಲ. ಕಸ ಎತ್ತುವವರಿಲ್ಲದೆ ಪಿ53 ಗುಡ್ಡೆ ಬೀಳುತ್ತದೆ. ಆಗ ಗಡ್ಡೆಯ ಹೆಚ್ಚುಕಡಿಮೆ ಎಲ್ಲ ಕೋಶಗಳ ಕೇಂದ್ರವೂ ಗಾಢ ಕಂದು. ಪ್ರತಿಕಾಯ ತೋರಿಸಿದ್ದು ಪ್ರಮಾಣ. ಅದರಿಂದ ಕೆಟ್ಟಿದೆ ಅಂತ ನಾವು ಊಹಿಸುತ್ತೇವೆ.

ಮೂರನೆಯದು ನನ್ನನ್ನು ಹೆಚ್ಚು ಕಾಡುವುದು. ಕೆಲವು ಗಡ್ಡೆಗಳಲ್ಲಿ ಪಿ53 ಜೀನು ತುಂಡಾಗಿ ಪ್ರೋಟೀನೇ ತಯಾರಾಗುವುದಿಲ್ಲ. ಗಡ್ಡೆ ಪೂರ್ತಿ ಖಾಲಿ, ಬರೀ ನೀಲಿ. ಇದೂ ರೋಗದ ಗುರುತು. ಗರ್ಭಕೋಶದ ಮತ್ತು ಅಂಡಾಶಯದ ಕ್ಯಾನ್ಸರುಗಳಲ್ಲಿ ಇದು ಯಾವ ಬಗೆಯದು ಎಂದು ತೀರ್ಮಾನಿಸುವಾಗ ವೈದ್ಯರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಖಾಲಿ ಸ್ಲೈಡು ಬೇರೆ ಕಾರಣಕ್ಕೂ ಬರುತ್ತದೆ ಅಲ್ವಾ? ಕುಕ್ಕರ್ ಸರಿಯಾಗಿ ಬಿಸಿಯಾಗದೆ ಇದ್ದರೆ ಖಾಲಿ. ಪ್ರತಿಕಾಯ ಹಾಳಾಗಿದ್ದರೆ ಖಾಲಿ. ತುಂಡು ಕೊಳೆತಿದ್ದರೆ ಖಾಲಿ. ಪ್ರೋಟೀನು ಇಲ್ಲದ ಖಾಲಿ ಮತ್ತು ಕೆಲಸ ಕೆಟ್ಟ ಖಾಲಿ, ಎರಡೂ ಕಣ್ಣಿಗೆ ಒಂದೇ.

ಅದಕ್ಕೇ ನಾವು ಗಡ್ಡೆಯ ಮಧ್ಯೆ ಇರುವ ಆರೋಗ್ಯದ ಕೋಶಗಳನ್ನು ಹುಡುಕುತ್ತೇವೆ. ರಕ್ತನಾಳದ ಗೋಡೆ, ಬಿಳಿ ರಕ್ತಕಣ, ನಾರಿನ ಕೋಶ. ಅವುಗಳಲ್ಲಿ ಕೆಲವಾದರೂ ತಿಳಿಯಾಗಿ ಕಂದಾಗಿರಬೇಕು. ಅವು ಕಂದಾಗಿದ್ದು ಗಡ್ಡೆ ಖಾಲಿ ಇದ್ದರೆ, ಆ ಖಾಲಿಯನ್ನು ನಂಬುತ್ತೇವೆ. ಅವೂ ಖಾಲಿ ಇದ್ದರೆ ಏನನ್ನೂ ಬರೆಯುವುದಿಲ್ಲ. ಇದರ ಜೊತೆಗೆ ಅದೇ ಗಾಜಿನ ತುದಿಯಲ್ಲಿ ಟಾನ್ಸಿಲ್‌ನ ಒಂದು ಸಣ್ಣ ತುಂಡನ್ನೂ ಕೂರಿಸುತ್ತೇವೆ. ಅಲ್ಲಿ ಬಣ್ಣ ಹೇಗೆ ಬರಬೇಕು ಅಂತ ನಮಗೆ ಮೊದಲೇ ಗೊತ್ತು. ಅದೇ ನಮ್ಮ ಸಿ ಗೆರೆ.

ಒಮ್ಮೆ ಒಬ್ಬರ ತುಂಡು ಬಂತು. ಊರಿನ ಹೆಸರು ಬೇಡ. ಮಗ ಎರಡು ಬಸ್ ಬದಲಿಸಿ ಬಾಟಲಿ ತಂದಿದ್ದರು. ಅದರಲ್ಲಿ ಫಾರ್ಮಲಿನ್ ಇರಲಿಲ್ಲ, ಸಲೈನ್ ಇತ್ತು. ಹಿಂದಿನ ದಿನ ಮಧ್ಯಾಹ್ನವೇ ತೆಗೆದದ್ದು. ನಾವು ಮಾಡುವುದನ್ನೆಲ್ಲ ಮಾಡಿದೆವು. ಟಾನ್ಸಿಲ್ ಚೆನ್ನಾಗಿ ಬಂತು, ಗಡ್ಡೆ ಖಾಲಿ. ಆದರೆ ಗಡ್ಡೆಯ ಒಳಗಿನ ರಕ್ತನಾಳಗಳೂ ಖಾಲಿ. ಕೆಲಸ ಸರಿಯಾಗಿತ್ತು, ತುಂಡು ದಾರಿಯಲ್ಲೇ ಹಾಳಾಗಿತ್ತು. ಮತ್ತೆ ಬಯಾಪ್ಸಿ ಮಾಡಬೇಕು ಅಂತ ಹೇಳಬೇಕಾಯಿತು. ಆ ಮಗನ ಮುಖ ನನಗೆ ಇನ್ನೂ ನೆನಪಿದೆ. ಒಂದು ಬಾಟಲಿಗೆ ಸರಿಯಾದ ದ್ರವ ಹಾಕದೆ ಇದ್ದದ್ದಕ್ಕೆ ಆ ಹಿರಿಯರು ಇನ್ನೊಮ್ಮೆ ನೋವು ತಿನ್ನಬೇಕಾಯಿತು.

ಅದಕ್ಕೆ ಇಷ್ಟು ಹೇಳಿಬಿಡುತ್ತೇನೆ. ನಿಮ್ಮ ಮನೆಯವರ ತುಂಡನ್ನು ನಿಮ್ಮ ಕೈಗೆ ಕೊಟ್ಟರೆ, ಇದರಲ್ಲಿ ಫಾರ್ಮಲಿನ್ ಇದೆಯಾ ಅಂತ ಕೇಳಿ. ತುಂಡಿನ ಹತ್ತು ಪಟ್ಟಾದರೂ ದ್ರವ ಇರಬೇಕು, ತೆಗೆದ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಿದರೆ ಒಳ್ಳೆಯದು. ಬಾಟಲಿಯ ಮೇಲೆ ಹೆಸರು, ತೆಗೆದ ಹೊತ್ತು ಬರೆಸಿ. ಫಾರ್ಮಲಿನ್ ವಿಷ, ಮುಚ್ಚಳ ತೆಗೆದು ನೋಡಬೇಡಿ. ಕೇಳಲು ಸಂಕೋಚ ಬೇಡ. ಕೇಳಿದವರನ್ನು ಕಂಡರೆ ನಮ್ಮಂಥವರಿಗೆ ಎಷ್ಟು ಸಮಾಧಾನ ಆಗುತ್ತದೆ ಅಂತ ಹೇಳಲಾರೆ.

ಪ್ರಶ್ನೆಗಳ ಹೊತ್ತಿನಲ್ಲಿ ಬಂಗಾರಪೇಟೆ ಕಡೆಯ ಒಬ್ಬ ಹುಡುಗ ಎದ್ದು ನಿಂತ. ಆನೆಗೆ ಕ್ಯಾನ್ಸರ್ ಕಡಿಮೆ ಬರುತ್ತದೆ ಅಂತ ಓದಿದ್ದೇನೆ, ನಿಜವಾ ಅಂತ ಕೇಳಿದ. ಕಾಮಸಮುದ್ರದ ಕಡೆ ಹೊಲಗಳಿಗೆ ಆನೆ ಬರುವ ಊರಿನವನು. ನಿಜ. ಅಷ್ಟು ದೊಡ್ಡ ಮೈ, ಅಷ್ಟೊಂದು ಕೋಶ, ಆದರೂ ಕಡಿಮೆ. 2015ರಲ್ಲಿ ಒಂದು ಕಾರಣ ಸಿಕ್ಕಿತು. ನಮ್ಮಲ್ಲಿ ಪಿ53 ಜೀನಿನ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು. ಏಷ್ಯಾದ ಆನೆಗಳಲ್ಲಿ 30ರಿಂದ 40. ಹೆಚ್ಚಿನವು ಮೊಟಕು ಪ್ರತಿಗಳು. ಆದರೂ ಡಿಎನ್‌ಎಗೆ ಪೆಟ್ಟು ಬಿದ್ದ ಆನೆಯ ಕೋಶ ನಮ್ಮದಕ್ಕಿಂತ ಬೇಗ ಸಾಯುತ್ತದೆ. ಹಾಗಾದರೆ ಡಿಓ-7 ಹಾಕಿ ಆನೆಯಲ್ಲಿ ನೋಡಬಹುದಾ ಅಂದ. ಅದು ಮನುಷ್ಯರ ಪಿ53ಗೆ ಮಾಡಿದ ಪ್ರತಿಕಾಯ, ಆನೆಗೆ ಹಾಕುವ ಮೊದಲು ಎಲ್ಲ ಪರೀಕ್ಷೆಯನ್ನೂ ಹೊಸದಾಗಿ ಮಾಡಬೇಕು ಅಂದೆ. ‘ಮೊದಲು ಶೂನ್ಯ ನೋಡಬೇಕು’ ಅಂದ ಅವನು. ನನಗೆ ಬಹಳ ಸಂತೋಷವಾಯಿತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೈ ಎತ್ತಿದರು. ಕಳೆದ ವರ್ಷ ಅವರಿಗೆ ಆಪರೇಷನ್ ಆಗಿತ್ತಂತೆ. ‘ನನ್ನ ಗಾಜಿನ ತುದಿಯಲ್ಲಿ ಇನ್ನೊಂದು ತುಂಡು ಇರುತ್ತದೆ ಅಂದ್ರಲ್ಲ, ಅದು ಯಾರದು?’

ಅದರ ಮೇಲೆ ಹೆಸರು ಇರುವುದಿಲ್ಲ, ಇರಬಾರದು ಅಂತ ನಿಯಮ. ಗಂಟಲು ನೋವಿಗೆ ಟಾನ್ಸಿಲ್ ತೆಗೆಸಿಕೊಂಡ ಯಾರೋ ಒಬ್ಬರದು. ಮಗುವೂ ಇರಬಹುದು. ಅವರ ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ಇಟ್ಟುಕೊಂಡಿರುತ್ತೇವೆ. ಒಂದು ಬ್ಲಾಕಿನಿಂದ ನೂರಾರು ಪದರ ಬರುತ್ತದೆ, ಅಷ್ಟೂ ಜನರ ಸ್ಲೈಡಿನ ಪಕ್ಕ ಅದು ಕೂರುತ್ತದೆ ಅಂತ ಹೇಳಿದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಬೆಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು, ನನ್ನ ಬ್ಲಾಕ್ ಕೊಡ್ತಾರಾ ಅಂತ ಕೇಳಿದರು. ಬರೆದು ಕೇಳಿ, ಸಹಿ ಹಾಕಿಸಿಕೊಂಡು ಕೊಡುತ್ತಾರೆ ಅಂದೆ. ಬೇಸಿಗೆಯಲ್ಲಿ ಬಸ್ಸಿನಲ್ಲಿ ಕರಗುತ್ತದಾ ಅಂದರು. ಮೇಣ ಕರಗಲು 56 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಆದರೆ ಬಿಸಿಲಿಗೆ ಮೆತ್ತಗಾಗುತ್ತದೆ. ಕಿಟಕಿ ಪಕ್ಕ ಇಡಬೇಡಿ, ಒಂದು ಡಬ್ಬಿಗೆ ಹಾಕಿ ಬಟ್ಟೆ ಚೀಲದ ಒಳಗೆ ಮಡಿಲಲ್ಲಿ ಇಟ್ಟುಕೊಂಡು ಹೋಗಿ ಅಂದೆ. ಅವರು ಅದನ್ನು ಕೈಯಲ್ಲಿದ್ದ ಕಾಗದದ ಹಿಂದೆ ಬರೆದುಕೊಂಡರು.